ಐವತ್ತಮೂರೂವರೆ ಕಿಲೋ

ಓನರಮ್ಮನ ತೂಕ ಎಷ್ಟೆಂಬುದನ್ನು ಮೆಟ್ಟಿಲ ಮೇಲೆ ನಿಂತು, ಬಾಡಿಗೆದಾರರೆಲ್ಲರ ಎದುರಿಗೆ, ಹೇಳಬಾರದಿತ್ತು. ಪಾರ್ಸೆಲ್ ಆಫೀಸಿನ ಗುಮಾಸ್ತರಿಗೆ ಇದು ಹೇಳಿದ ಮರುಕ್ಷಣವೇ ಹೊಳೆದಿತ್ತು. ಆದರೆ ಆಡಿದ ಮಾತು, ಮಹಡಿಯಿಂದ ಬಿದ್ದ ಮಡಕೆ ಎರಡೂ ಒಂದೇ. ಚೂರು ಆರಿಸಬಹುದು, ಮತ್ತೆ ನೀರು ತುಂಬಲಾಗದು.

ತಪ್ಪೆಲ್ಲ ಅವರದೇ ಅನ್ನುವಂತೆಯೂ ಇಲ್ಲ. ವರ್ಷಾನುಗಟ್ಟಲೆ ಪಾರ್ಸೆಲ್ ಎತ್ತಿ ಎತ್ತಿ ಅವರ ಕೈ ತಕ್ಕಡಿಯಾಗಿತ್ತು. ಆಮೇಲಾಮೇಲೆ ಕಣ್ಣೂ ತಕ್ಕಡಿಯಾಯಿತು. ಎದುರಿಗೆ ಬಂದದ್ದು ಪೆಟ್ಟಿಗೆಯಾಗಲಿ, ಪಕ್ಕದ ಮನೆಯವರಾಗಲಿ, ನೋಡಿದೊಡನೆ ಒಳಗೆಲ್ಲೋ ಒಂದು ಮುಳ್ಳು ತಿರುಗಿ ಅಂಕಿಯ ಮೇಲೆ ನಿಲ್ಲುತ್ತಿತ್ತು. ಕೆಮ್ಮನ್ನಾದರೂ ತಡೆದುಕೊಂಡಾರು, ಆ ಅಂಕಿಯನ್ನು ಬಾಯೊಳಗೆ ಇಟ್ಟುಕೊಳ್ಳುವುದು ಅವರಿಂದಾಗದು. ಬೀದಿಯವರು ಅವರಿಗೆ ‘ತಕ್ಕಡಿ’ ಎಂದೇ ಹೆಸರಿಟ್ಟಿದ್ದರು. ಅವತ್ತು ಓನರಮ್ಮ ಮೆಟ್ಟಿಲು ಹತ್ತಿ ಬಂದು, ಕಂಬಿ ಹಿಡಿದುಕೊಂಡು, “ಉಸ್ಸಪ್ಪಾ! ನಾನೇನು ಅಷ್ಟೊಂದು ಭಾರ ಇದೀನಾ?” ಎಂದು ಗಾಳಿಯನ್ನು ಕೇಳಿದರು. ಗಾಳಿ ಸುಮ್ಮನಿತ್ತು. ಗುಮಾಸ್ತರು, “ಎಂಬತ್ತೊಂದು ಕಿಲೋ ಅಮ್ಮ. ಚಪ್ಪಲಿ ಬಿಟ್ಟು” ಎಂದರು.

ಸುಳ್ಳಾಗಿದ್ದರೆ ಓನರಮ್ಮ ಕ್ಷಮಿಸುತ್ತಿದ್ದರೇನೋ. ಸಂಜೆ ಔಷಧಿ ಅಂಗಡಿಯ ತೂಕದ ಯಂತ್ರದ ಮೇಲೆ ಚಪ್ಪಲಿ ಬಿಟ್ಟು ಹತ್ತಿ ನೋಡಿದರು. ಸರಿಯಾಗಿತ್ತು. ಅಂದಿನಿಂದ ಇಂದಿನವರೆಗೆ ಗುಮಾಸ್ತರ ಜೊತೆ ಅವರದು ‘ಹ್ಞೂಂ’, ‘ಉಹ್ಞೂಂ’ ಎರಡೇ ಮಾತು.

ಹಾಗೇ ಇದ್ದುಬಿಟ್ಟಿದ್ದರೂ ಹೇಗೋ ಕಾಲ ಹೋಗುತ್ತಿತ್ತು. ಆದರೆ ಈಗ ಕೆಳಗಿನ ಕೋಣೆ ಖಾಲಿಯಾಗಿತ್ತು. ಗೇಟಿನ ಪಕ್ಕದ ಕೋಣೆ ಅದು. ಗಡಿಯಾರ ರಿಪೇರಿಯ ಮುದುಕರೊಬ್ಬರು ಅಲ್ಲಿದ್ದರು, ಮಗಳ ಮನೆಗೆ ಹೋದರು. ಬೀದಿಗೆ ತೆರೆದ ಒಂದು ಕಿಟಕಿ, ಬಾಗಿಲಿಗೆ ಒಂದೇ ಒಂದು ಮೆಟ್ಟಿಲು. ಗುಮಾಸ್ತರ ಕಣ್ಣಿಗೆ ಆ ಒಂದೇ ಮೆಟ್ಟಿಲು ಅರಮನೆಯಾಗಿ ಕಂಡಿತ್ತು. ಅವರ ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಹೆಂಡತಿಗೆ ಮಂಡಿನೋವು. ಒಂದು ಮೆಟ್ಟಿಲು ಹತ್ತಿ, ನಿಂತು, ಮುಂದಿನ ಮೆಟ್ಟಿಲನ್ನು ಸವತಿಯನ್ನು ನೋಡಿದ ಹಾಗೆ ನೋಡುತ್ತಿದ್ದಳು. ಬೀದಿಗೆ ಇಳಿದರೆ ಹತ್ತಬೇಕಲ್ಲ ಎಂದು ಇತ್ತೀಚೆಗೆ ತೀರಾ ಅಗತ್ಯವಿಲ್ಲದೆ ಇಳಿಯುವುದನ್ನೇ ಬಿಟ್ಟಿದ್ದಳು. ದೂರು ಮಾತ್ರ ಹೇಳಿದವಳಲ್ಲ. ಅವಳು ದೂರಿದ್ದರೆ ಗುಮಾಸ್ತರಿಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಅದೇ ಕೋಣೆಯ ಮೇಲೆ ಎರಡನೆಯ ಮಹಡಿಯ ದರ್ಜಿಯ ಕಣ್ಣೂ ಇತ್ತು. ಅವನಿಗೆ ಅಂಗಡಿ ಇಡಬೇಕು. ಓನರಮ್ಮನಿಗೆ ಹೊಸ ರವಿಕೆ ಹೊಲಿದುಕೊಡುವುದು, ತನ್ನ ಹಳೆಯ ವ್ಯಾನಿನಲ್ಲಿ ಅವರನ್ನು ಅಲ್ಲಿ ಇಲ್ಲಿ ಸುತ್ತಾಡಿಸುವುದು, ಎಲ್ಲ ನಡೆದಿತ್ತು. ಓನರಮ್ಮ ಇಬ್ಬರಿಗೂ ಒಂದೇ ಮಾತು ಹೇಳಿದ್ದರು: “ಭಾನುವಾರ ಸಂಜೆ ತೀರ್ಮಾನ ಹೇಳ್ತೀನಿ. ಗಲಾಟೆ ಆಗಬಾರದು, ಗಲೀಜಾಗಬಾರದು. ನಾಯಿ, ಬೆಕ್ಕು, ಗಿಣಿ, ಯಾವ ಪ್ರಾಣಿನೂ ಈ ಗೇಟಿನೊಳಗೆ ಕಾಲಿಡಬಾರದು. ಹಲ್ಲಿ ಕೂಡ ನನ್ನ ಕೇಳಿ ಬರಬೇಕು.”

ಆ ಭಾನುವಾರ ಬಂತು.

ಬೆಳೆ ಕೈಗೆ ಬಂದ ಮೇಲೆ ಸುತ್ತಲಿನ ಊರುಗಳಲ್ಲಿ ವಾರಕ್ಕೊಂದೆರಡರಂತೆ ಕೃಷಿ ಪ್ರದರ್ಶನ ನಡೆಯುವುದು ರೂಢಿ. ಗುಮಾಸ್ತರು, ಅವರ ಹೆಂಡತಿ ಮದುವೆಯಾದಾಗಿನಿಂದ ಒಂದನ್ನೂ ಬಿಟ್ಟವರಲ್ಲ. ಅವಳು ಕುರಿ ಸಾಕುವವರ ಮಗಳು. ಪೇಟೆಗೆ ಬಂದ ಮೇಲೆ ಅವಳಿಗಿದ್ದ ತವರು ಎಂದರೆ ಆ ಪ್ರದರ್ಶನಗಳೇ. ಈ ವರ್ಷ ಆಗದು ಎಂದು ಅವಳೇ ಹೇಳಿದಳು.

“ನೀನಿಲ್ಲದೆ ನಾನು ಹೋಗಿ ಏನೇ ಮಾಡಲಿ?”

“ನನಗೋಸ್ಕರ ಹೋಗಿ ಬನ್ನಿ ಅಂತಿರೋದು. ಒಂದೊಂದು ದೊಡ್ಡಿ ಮುಂದೆನೂ ನಿಂತು, ಎರಡೂ ಕಣ್ಣು ಬಿಟ್ಟು ನೋಡಿ, ಬಂದು ಹೇಳಿ. ಬರೀ ‘ಕುರಿ ಇತ್ತು, ಕೋಳಿ ಇತ್ತು’ ಅಂತ ಅಲ್ಲ.” ಬಾಗಿಲವರೆಗೆ ಬಂದು ಮತ್ತೊಂದು ಮಾತು ಸೇರಿಸಿದಳು. “ಮತ್ತೆ ರೀ, ಯಾರ ತೂಕನೂ ಹೇಳಬೇಡಿ. ಇವತ್ತೊಂದು ದಿನ.”

ಹೊಳೆಯಾಚೆಯ ಊರಿನ ಪ್ರದರ್ಶನದಲ್ಲಿ ಗುಮಾಸ್ತರು ನಿಜಕ್ಕೂ ಎರಡೂ ಕಣ್ಣು ಬಿಟ್ಟು ನೋಡಿದರು. ತೀರ್ಪುಗಾರರು ಹತ್ತಿರ ಬಂದಾಗಲೆಲ್ಲ ಬೆನ್ನು ತಿರುಗಿಸಿ ಕೂರುವ ಒಂದು ಕಂದು ಕೋಳಿ. ಮಗುವನ್ನು ಮಲಗಿಸಬಹುದಾದಷ್ಟು ಅಗಲದ ಎಲೆಕೋಸು. ಹಸುವಿನ ಬಾಲಕ್ಕೆ ಎಳೆ ಎಳೆಯಾಗಿ ಬಾಚಣಿಗೆ ಹಾಕುತ್ತಿದ್ದ, ತನ್ನ ತಲೆಯನ್ನು ಮಾತ್ರ ಹಕ್ಕಿಗೂಡಿನಂತೆ ಬಿಟ್ಟುಕೊಂಡ ಒಬ್ಬ ಗೌಳಿ. ಹೆಂಡತಿಗೆ ಹೇಳಲು ಎಲ್ಲವನ್ನೂ ಮನಸ್ಸಿನಲ್ಲಿ ಮಡಿಸಿಟ್ಟುಕೊಳ್ಳುತ್ತ ಬಂದರು. ಒಬ್ಬರೇ ನೋಡಿದರೆ ಏನೂ ಪೂರ್ತಿ ಕಂಡ ಹಾಗಾಗುವುದಿಲ್ಲ ಎಂಬುದನ್ನೂ ಅವತ್ತೇ ಕಂಡುಕೊಂಡರು. ನಗು ಬಂದಾಗಲೆಲ್ಲ ಪಕ್ಕಕ್ಕೆ ತಿರುಗುತ್ತಿದ್ದರು. ಪಕ್ಕದಲ್ಲಿ ಬೇರೆ ಯಾರೋ ಇರುತ್ತಿದ್ದರು.

ಕೊನೆಯ ದೊಡ್ಡಿಯ ಮುಂದೆ ಜನ ಗುಂಪುಗೂಡಿತ್ತು. ನಡುವೆ ಒಂದು ಟಗರು. ಸುರುಳಿ ಕೊಂಬು, ಮೈ ತುಂಬ ಮುದ್ದೆ ಮುದ್ದೆ ಉಣ್ಣೆ, ಮುಖದಲ್ಲಿ ಪಿಂಚಣಿ ಪಡೆಯುವ ಹೆಡ್‌ಮಾಸ್ತರರ ಗಾಂಭೀರ್ಯ. ಅದರ ತೂಕ ಎಷ್ಟೆಂದು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬೇಕು, ಹತ್ತಿರ ಬಂದವರಿಗೆ ಬಹುಮಾನ. ಗುಮಾಸ್ತರು ಹೆಂಡತಿಯ ಮಾತು ನೆನೆದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಎಂಬತ್ತಿರಬಹುದಲ್ವಾ?” ಎಂದ ಒಬ್ಬ.

“ಎಂಬತ್ತಾ? ನೂರಕ್ಕೆ ಕಮ್ಮಿ ಇಲ್ಲ ಬಿಡಯ್ಯ” ಎಂದ ಇನ್ನೊಬ್ಬ.

ಸಂಗೀತ ಬಲ್ಲವನ ಎದುರು ಅಪಸ್ವರ ಎಳೆದ ಹಾಗಾಯಿತು. ಗುಮಾಸ್ತರು ಹಲ್ಲು ಕಚ್ಚಿದರು. ಮೂರನೆಯವನು “ನೂರಿಪ್ಪತ್ತು” ಎಂದದ್ದೇ ತಡ, ಕೈ ಬೆನ್ನ ಹಿಂದಿನಿಂದ ತಾನಾಗಿ ಬಂದು ಚೀಟಿ ಎತ್ತಿಕೊಂಡಿತು. ಉಣ್ಣೆಯೇ ಹೆಚ್ಚು, ಒಳಗೆ ಮಾಂಸ ಕಡಿಮೆ. ಐವತ್ತಮೂರೂವರೆ ಕಿಲೋ. ಬಾಯಿ ಬಿಟ್ಟು ಹೇಳಲಿಲ್ಲವಲ್ಲ, ಬರೆದೆ ತಾನೆ, ಎಂದು ಮನಸ್ಸನ್ನು ಸಮಾಧಾನ ಮಾಡಿಕೊಂಡರು.

ಬೆಳಿಗ್ಗೆ ಹತ್ತೂವರೆಗೆ ಟಗರನ್ನು ತೂಗಿದರು. ಐವತ್ತಮೂರೂವರೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮೈಕಿನವನು ಕೂಗಿದ, ಜನ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಬೈಗುಳ ತಂದ ವಿದ್ಯೆಗೆ ಮೊದಲ ಸಲ ಚಪ್ಪಾಳೆ! ಗುಮಾಸ್ತರು ಹಿಗ್ಗಿ ಹೀರೇಕಾಯಿಯಾಗಿ, ಬಹುಮಾನ ಏನೆಂದು ತಿಳಿಯುವಷ್ಟೂ ತಾಳದೆ ಹೆಂಡತಿಗೆ ಫೋನು ಹಚ್ಚಿದರು.

“ಗೆದ್ದೆ ಕಣೇ! ಐವತ್ತಮೂರೂವರೆ ಕಿಲೋ! ನೋಡಿದ ತಕ್ಷಣ ಹೇಳಿಬಿಟ್ಟೆ!”

ಆ ಕಡೆಯಿಂದ ಬಂದದ್ದು ಓನರಮ್ಮನ ದನಿ.

“ಯಾರದು ತೂಕ?”

“ಟ-ಟಗರಿನದು ಅಮ್ಮ. ಟಗರಿನದು.”

“ನಿಮ್ಮ ಮನೆಯವರು ಫೋನು ನಮ್ಮ ಬಾಗಿಲಲ್ಲಿ ಕುರ್ಚಿ ಮೇಲೆ ಬಿಟ್ಟು ನೀರು ಕುಡಿಯೋಕೆ ಒಳಗೆ ಹೋಗಿದಾರೆ. ಎಷ್ಟು ಅಂದ್ರಿ?”

“ಐವತ್ತಮೂರೂವರೆ.”

“ಟಗರಿಗೆ?”

“ಟಗರಿಗೇ ಅಮ್ಮ, ದೇವರಾಣೆ.”

“ಹ್ಞೂಂ. ಸಂಜೆ ಮನೇಲಿರಿ. ಕೋಣೆ ವಿಷಯ ಹೇಳ್ತೀನಿ.” ಫೋನು ಕಟ್ಟಾಯಿತು.

ಆಗ ಮೈಕಿನವನು ಬಹುಮಾನ ಕೂಗಿದ. ಬಹುಮಾನ ಟಗರೇ.

ಒಂದು ಬಕೀಟೋ, ಒಂದು ಛತ್ರಿಯೋ ಸಿಗುತ್ತದೆಂದು ಗುಮಾಸ್ತರು ಎಣಿಸಿದ್ದರು. ದೊಡ್ಡಿಯ ಮೇಲೆ ಆಳುದ್ದದ ಅಕ್ಷರದಲ್ಲಿ ‘ಗೆದ್ದವರಿಗೆ ಟಗರು’ ಎಂದು ಬರೆದಿತ್ತು. ಅವರು ಟಗರನ್ನು ನೋಡುವ ಭರದಲ್ಲಿ ಹಲಗೆಯನ್ನು ನೋಡಿರಲಿಲ್ಲ.

“ನನಗೆ ಬೇಡ. ಬೇರೆಯವರಿಗೆ ಕೊಟ್ಟುಬಿಡಿ” ಎಂದರು. ಟಗರನ್ನು ಸಾಕಿದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

“ಯಾಕಪ್ಪ, ನನ್ನ ಟಗರಿಗೇನಾಗಿದೆ? ಕುಂಟೋ, ಕುರುಡೋ? ಗೆದ್ದವನೇ ಬೇಡ ಅಂದ್ರೆ ನಾಳೆ ನನ್ನ ಮಂದೆ ಹತ್ತಿರ ಯಾರಾದ್ರೂ ಸುಳೀತಾರಾ?” ಮಾತು ಮುಗಿಯುವುದರೊಳಗೆ ಹಗ್ಗದ ಒಂದು ತುದಿಯನ್ನು ಗುಮಾಸ್ತರ ಮಣಿಕಟ್ಟಿಗೆ ಸುತ್ತಿ, ಏನೋ ಒಂದು ಗಂಟು ಹಾಕಿಬಿಟ್ಟಳು. “ಇದು ಕುರಿಗಾರರ ಗಂಟು. ಮನೆ ಬಾಗಿಲು ಮುಟ್ಟೋವರೆಗೂ ಬಿಚ್ಚೋ ಹಾಗಿಲ್ಲ. ಬಿಚ್ಚೋಕೆ ನಿನಗೆ ಬರೋದೂ ಇಲ್ಲ.”

ಅವಳು ಹೇಳಿದ್ದು ನಿಜ. ಗುಮಾಸ್ತರು ಮೈದಾನದ ಮೂಲೆಗೆ ಹೋಗಿ ಉಗುರಿನಿಂದ ಕೆರೆದರು, ಹಲ್ಲಿನಿಂದ ಎಳೆದರು. ಜೀವಮಾನವೆಲ್ಲ ಪಾರ್ಸೆಲ್ಲಿನ ಗಂಟು ಬಿಚ್ಚಿದ ಕೈ ಈ ಗಂಟಿನ ಮುಂದೆ ಸೋತಿತು. ಟಗರು ತಾಳ್ಮೆಯಿಂದ ನೋಡುತ್ತ ಅವರ ಜೇಬಿನಿಂದ ಇಣುಕುತ್ತಿದ್ದ ಕರವಸ್ತ್ರವನ್ನು ತಿಂದಿತು.

ಇನ್ನು ಉಳಿದದ್ದು ಒಂದೇ ದಾರಿ, ಯಾರಿಗಾದರೂ ಬಿಟ್ಟಿ ಕೊಟ್ಟುಬಿಡುವುದು. ಕೊಡುವುದು ಎಷ್ಟು ಕಷ್ಟವೆಂದು ಗುಮಾಸ್ತರಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಮೊದಲು ಹಿಡಿದದ್ದು ತರಕಾರಿ ಮಾರುವ ಹೆಂಗಸನ್ನು.

“ಬಿಟ್ಟೀನಾ?” ಅವಳು ಕಣ್ಣು ಕಿರಿದು ಮಾಡಿದಳು. “ಯಾವ ಕಾಯಿಲೆ?”

“ಕಾಯಿಲೆ ಏನೂ ಇಲ್ಲಮ್ಮ.”

“ಹಾಗಾದ್ರೆ ಕಳ್ಳಮಾಲು.”

ಮಾತಿಗೆ ಮಾತು ಬೆಳೆದು ಜನ ಸೇರಿದರು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆ ಬಲ್ಲವರೇ ಎಲ್ಲರೂ. ಎಲ್ಲರೂ ಟಗರಿನ ಬಾಯಿ ಬಿಡಿಸಿ ಹಲ್ಲು ಎಣಿಸಿದರು. ಒಬ್ಬ ಕಣ್ಣುರೆಪ್ಪೆ ಎತ್ತಿ ನೋಡಿದ. ಒಬ್ಬ ಹೊಟ್ಟೆಗೆ ಕಿವಿಯಿಟ್ಟು, “ಒಳಗೆ ಏನೋ ಸದ್ದು” ಎಂದ. ಅದು ಕರವಸ್ತ್ರದ ಸದ್ದು. “ಇದೇ ಟಗರನ್ನ ಮಾರ್ತೀನಿ ಅಂದಿದ್ರೆ ನಾನೇ ತಗೋತಿದ್ದೆ. ಬಿಟ್ಟಿ ಅಂತೀರಲ್ಲ, ಅದೇ ಭಯ” ಎಂದು ಒಬ್ಬ ಸಭ್ಯಸ್ಥ ಮನಸ್ಸು ಬಿಚ್ಚಿ ಹೇಳಿದ. ಹಾಗಾದರೆ ಮಾರೋಣವೆಂದರೆ, ಬಹುಮಾನ ಮಾರಿದ ಸುದ್ದಿ ಅಜ್ಜಿಯ ಕಿವಿಗೆ ಬೀಳುವುದು ಎಷ್ಟು ಹೊತ್ತಿನ ಮಾತು? ಅವಳು ಇನ್ನೂ ಅಲ್ಲೇ, ಸೊಂಟದ ಮೇಲಿನ ಕೈ ತೆಗೆಯದೆ ನಿಂತಿದ್ದಳು.

ಬಸ್ಸಿನ ಕಂಡಕ್ಟರ್ ದೂರದಿಂದಲೇ ಕೈಯಾಡಿಸಿದ. “ಪಾರ್ಸೆಲ್ ಅಂತ ಹಾಕಿಕೊಳ್ಳಿ” ಎನ್ನಲು ಗುಮಾಸ್ತರು ಬಾಯಿ ತೆರೆದರು, ಮುಚ್ಚಿದರು. ಜೀವಂತ ಪ್ರಾಣಿಯನ್ನು ಪಾರ್ಸೆಲ್ ಮಾಡುವ ಹಾಗಿಲ್ಲ ಎಂದು ಎಷ್ಟು ಜನರನ್ನು ಗದರಿಸಿ ಕಳಿಸಿಲ್ಲ ಅವರು!

ಕೊನೆಗೆ ಹೊಳೆ ರಸ್ತೆಯಲ್ಲಿ ನಡೆದೇ ಹೊರಟರು. ಮುಂದೆ ಟಗರು, ಹಿಂದೆ ಗುಮಾಸ್ತರು. ಯಾರು ಯಾರನ್ನು ಮನೆಗೆ ಕರೆದೊಯ್ಯುತ್ತಿದ್ದಾರೆಂದು ನೋಡಿದವರು ಹೇಳುವಂತಿರಲಿಲ್ಲ. ದಾರಿಯಲ್ಲಿ ಮಾತಿಗೆ ಬೇರೆ ಯಾರಿದ್ದಾರೆ? “ನೋಡಪ್ಪ, ನಿನ್ನ ಮೇಲೆ ನನಗೆ ಕೋಪ ಇಲ್ಲ” ಎಂದರು ಟಗರಿಗೆ. “ಅವಳು ನಿನ್ನ ನೋಡಿದ್ರೆ ಊಟ ಬಿಟ್ಟು ಎದ್ದು ಬರೋಳು. ಕೊಂಬಿನ ನಡುವೆ ಕೈಯಿಟ್ಟು ಮಾತಾಡಿಸೋಳು. ಆದ್ರೆ ಮೂರು ಮಹಡಿ ಅಪ್ಪ. ಆ ಕೆಳಗಿನ ಕೋಣೆ ಸಿಕ್ಕಿದ್ರೆ ಅವಳು ಬೀದಿ ಬಾಗಿಲಲ್ಲಿ ಕೂತು ಹೋಗೋ ಬರೋರನ್ನ ನೋಡ್ತಾಳೆ. ಅಷ್ಟೇ ಆಸೆ. ನೀನು ಗೇಟಿನ ಒಳಗೆ ಕಾಲಿಟ್ರೆ ಅದೂ ಹೋಯ್ತು.” ಟಗರು ನಿಂತು, ಎಲ್ಲ ಕೇಳಿ, ಅವರ ಅಂಗಿಯ ಗುಂಡಿ ಒಂದನ್ನು ಕಿತ್ತುಕೊಂಡಿತು. ಆದರೂ ಇಷ್ಟು ಹೊತ್ತು ತಮ್ಮ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದವರು ಯಾರೂ ಇರಲಿಲ್ಲವಲ್ಲ ಎನ್ನಿಸಿ ಗುಮಾಸ್ತರಿಗೆ ಅದರ ಮೇಲೆ ಸ್ವಲ್ಪ ಮಮತೆಯೇ ಬಂತು.

ಹಿಂದಿನಿಂದ ಹುಲ್ಲು ತುಂಬಿದ ಟ್ರ್ಯಾಕ್ಟರ್ ಒಂದು ಬಂದು ನಿಂತಿತು. ಓಡಿಸುತ್ತಿದ್ದವನು ಗಿರಿಜಾ ಮೀಸೆಯ ಮಾತುಗಾರ. ಹೊಳೆಯೀಚೆಯ ಊರಿನಲ್ಲಿ ಅದೇ ದಿನ ನಡೆದಿದ್ದ ಇನ್ನೊಂದು ಪ್ರದರ್ಶನದ ಕಮಿಟಿಯವನಂತೆ.

“ಹತ್ತಿ ಸ್ವಾಮಿ, ಇಬ್ಬರೂ ಹತ್ತಿ. ಎಂಥಾ ಟಗರು! ನಮ್ಮ ಹಣೆಬರಹ ನೋಡಿ, ತೂಕದ ಸ್ಪರ್ಧೆಗೆ ಕೊಡ್ತೀನಿ ಅಂದಿದ್ದ ಮನುಷ್ಯ ಕೈಕೊಟ್ಟ. ಟಗರಿನ ಜಾಗದಲ್ಲಿ ಕುಂಬಳಕಾಯಿ ಇಟ್ಟಿದೀವಿ. ಜನ ಬಂದು ನಕ್ಕು ಹೋಗ್ತಿದಾರೆ.”

ಗುಮಾಸ್ತರಿಗೆ ಮೋಡ ಸರಿದು ಬಿಸಿಲು ಬಂದಂತಾಯಿತು. “ಈ ಟಗರನ್ನೇ ಇಟ್ಟುಕೊಳ್ಳಿ.”

“ತಮಾಷೆ ಮಾಡಬೇಡಿ.”

“ನಿಜವಾಗ್ಲೂ. ಒಂದೇ ಷರತ್ತು. ಕೊಟ್ಟವರು ಯಾರು ಅಂತ ಯಾರಿಗೂ ಹೇಳಬಾರದು.”

ಮೀಸೆಯವನ ಕಣ್ಣು ಒದ್ದೆಯಾಯಿತು. “ಈ ಕಾಲದಲ್ಲೂ ಇಂಥವರು ಇದಾರಲ್ಲ! ದಾನ ಮಾಡಿ ಹೆಸರು ಬೇಡ ಅನ್ನೋರು!” ಅವನಿಗೂ ಆ ಗಂಟು ಬಿಚ್ಚಲು ಬರಲಿಲ್ಲ. ಕುಡುಗೋಲಿನಿಂದ ಹಗ್ಗವನ್ನು ಕತ್ತರಿಸಿದ. ಗುಮಾಸ್ತರ ಮಣಿಕಟ್ಟಿನಲ್ಲಿ ಕುಣಿಕೆ ಬಳೆಯಂತೆ ಉಳಿಯಿತು. ಅವರು ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡರು.

ಹೊಸ ದೊಡ್ಡಿಯಲ್ಲಿ ಟಗರನ್ನು ಬಿಟ್ಟು ತಿರುಗಿದಾಗ ಅದು ಒಮ್ಮೆ ‘ಬ್ಯಾ’ ಎಂದಿತು. ಗುಮಾಸ್ತರು ತಿರುಗಿ ನೋಡಬಾರದೆಂದುಕೊಂಡು ನೋಡಿದರು. ಸರಿ, ನಾಲ್ಕು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಎದುರಿಗೆ ಓನರಮ್ಮ! ಪಕ್ಕದಲ್ಲಿ ಅವರ ಕೈಚೀಲ ಹಿಡಿದುಕೊಂಡು ದರ್ಜಿ. ಸಂಜೆ ಮನೇಲಿರಿ ಎಂದವರು ಇಲ್ಲಿದ್ದಾರೆ. ಅಂಗಿಗೆ ಗುಂಡಿಯಿಲ್ಲ, ಮೈಯೆಲ್ಲ ಹುಲ್ಲು, ಕೈಯಲ್ಲಿ ಹಗ್ಗ, ನೂರು ಪ್ರಶ್ನೆ ಏಳುತ್ತದೆ. ಗುಮಾಸ್ತರು ಹತ್ತಿರವಿದ್ದ ಸಾಲಿಗೆ ನುಗ್ಗಿ, ಎರಡು ಬೆದರುಬೊಂಬೆಗಳ ನಡುವೆ ಕೈ ಚಾಚಿ ನಿಂತುಬಿಟ್ಟರು. ಅಲ್ಲಿ ಬೆದರುಬೊಂಬೆಗಳ ಸ್ಪರ್ಧೆ ನಡೆದಿತ್ತು.

ಓನರಮ್ಮ ಹೂವಿನ ಸಾಲಿನ ಕಡೆ ಹಾದುಹೋದರು. ಅವರ ಹಿಂದೆಯೇ ತೀರ್ಪುಗಾರರು ಬಂದರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಗುಮಾಸ್ತರನ್ನು ಮೇಲಿಂದ ಕೆಳಗೆ ನೋಡಿದರು.

“ಕೈಕೆಲಸ ಚೆನ್ನಾಗಿದೆ. ಆದರೆ ಮುಖ ನೋಡಿ. ಹಕ್ಕಿ ಹೆದರಿಸಬೇಕಾದದ್ದು ತಾನೇ ಹೆದರಿದ ಹಾಗಿದೆ. ಇದಕ್ಕೆ ಅಂಕ ಇಲ್ಲ.”

ಗುಮಾಸ್ತರಿಗೆ ಬೇಸರವಾಗಲಿಲ್ಲ. ಒಂದು ದಿನಕ್ಕೆ ಒಂದು ಬಹುಮಾನ ಸಾಕಾಗಿತ್ತು. ತೀರ್ಪುಗಾರರು ಬೆನ್ನು ತಿರುಗಿಸಿದೊಡನೆ ಬೊಂಬೆಗೆ ಕಾಲು ಬಂದಿತು. ಬಸ್ ಸ್ಟ್ಯಾಂಡಿನವರೆಗೆ ಅದು ನಿಲ್ಲಲಿಲ್ಲ.

ಮನೆಗೆ ಬಂದು ಮೂರು ಮಹಡಿ ಹತ್ತಿದಾಗ ಹೆಂಡತಿ ಬಾಗಿಲಲ್ಲೇ ಕೂತಿದ್ದಳು.

“ಹೇಳಿ” ಎಂದಳು.

ಗುಮಾಸ್ತರು ಹೇಳಿದರು. ಬೆನ್ನು ತಿರುಗಿಸಿದ ಕೋಳಿ ಹೇಳಿದರು, ಎಲೆಕೋಸಿನ ತೊಟ್ಟಿಲು ಹೇಳಿದರು, ಹಕ್ಕಿಗೂಡಿನ ತಲೆಯ ಗೌಳಿಯನ್ನು ನಟಿಸಿಯೇ ತೋರಿಸಿದರು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, “ಟಗರು ಹೇಗಿತ್ತು?” ಎಂದು ಕೇಳಿದಳು.

“ಹ್ಞಾಂ, ಇತ್ತು. ಟಗರಿನ ಹಾಗಿತ್ತು.”

“ಬಹುಮಾನ ಏನು ಕೊಟ್ಟರು?”

“ಒಂದು ಬಕೀಟು. ಬಸ್ಸಲ್ಲಿ ಮರೆತು ಬಂದೆ.”

ಅವಳು ಅವರ ಗುಂಡಿಯಿಲ್ಲದ ಅಂಗಿಯನ್ನು ನೋಡಿದಳು. ತೋಳನ್ನು ನೋಡಿದಳು. ತೋಳಿನ ಅಂಚಿನಲ್ಲಿ ಇಣುಕುತ್ತಿದ್ದ ಹಗ್ಗವನ್ನು ನೋಡಿದಳು. “ಹೋಗಲಿ ಬಿಡಿ, ಬಕೀಟು ತಾನೆ” ಎಂದಷ್ಟೇ ಹೇಳಿ ಮಂಡಿ ನೀವಿಕೊಂಡಳು. ಹೆಂಡತಿಯ ಮನಸ್ಸಿನಲ್ಲಿರುವುದರ ತೂಕ ಹೇಳುವ ಮುಳ್ಳು ಮಾತ್ರ ಗುಮಾಸ್ತರ ಒಳಗೆ ಎಂದೂ ಇರಲಿಲ್ಲ.

ಕತ್ತಲಾಗುವ ಹೊತ್ತಿಗೆ ಕೆಳಗೆ ದರ್ಜಿಯ ವ್ಯಾನು ನಿಂತ ಸದ್ದಾಯಿತು. ಹಿಂದೆಯೇ ಓನರಮ್ಮನ ಕೂಗು. “ಗುಮಾಸ್ತರೇ! ಇಬ್ಬರೂ ಕೆಳಗೆ ಬನ್ನಿ! ಬೇಗ!”

“ಇಬ್ಬರೂ ಅಂದರು!” ಗುಮಾಸ್ತರು ಎದ್ದೇಬಿಟ್ಟರು. “ಕೋಣೆ ನಮಗೇ ಕಣೇ. ಇಲ್ಲದಿದ್ರೆ ಇಬ್ಬರನ್ನೂ ಯಾಕೆ ಕರೀತಾರೆ?” ಅವಳ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದರು. ಈ ಮೆಟ್ಟಿಲು ಇಳಿಯುವುದು ಇದೇ ಕೊನೆ ಎಂದುಕೊಳ್ಳುತ್ತ ಇಳಿದರು.

ಕೆಳಗೆ ಗೇಟಿನ ಒಳಗಡೆ ಓನರಮ್ಮ ನಿಂತಿದ್ದರು. ಅವರ ಮಣಿಕಟ್ಟಿನಲ್ಲಿ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ, ಅರ್ಧ ತೋಳಿನ ಬಟ್ಟೆಯೊಂದನ್ನು ಮೆಲ್ಲುತ್ತ, ಹೆಡ್‌ಮಾಸ್ತರರ ಮುಖದ ಟಗರು.

“ಗೆದ್ದೆ!” ಎಂದರು ಓನರಮ್ಮ. ಅವರು ಅಷ್ಟು ಅಗಲವಾಗಿ ನಕ್ಕದ್ದನ್ನು ಯಾವ ಬಾಡಿಗೆದಾರನೂ ಕಂಡಿರಲಿಲ್ಲ. “ನಿಮ್ಮ ದಯೆ ಗುಮಾಸ್ತರೇ. ಅಲ್ಲೂ ಒಂದು ತೂಕದ ಸ್ಪರ್ಧೆ ಇತ್ತು. ನನಗೇನು ಗೊತ್ತು ಟಗರಿನ ತೂಕ? ನೀವು ಬೆಳಿಗ್ಗೆ ಫೋನಲ್ಲಿ ಹೇಳಿದ್ರಲ್ಲ, ಅದನ್ನೇ ಬರೆದೆ. ಟಗರು ಟಗರು ಎಲ್ಲಾ ಒಂದೇ ತಾನೇ! ನಾನೇ ಹತ್ತಿರ ಬಂದದ್ದು. ಒಂಚೂರು ಜಾಸ್ತಿ ತೂಗಿತು ಅಷ್ಟೇ.”

ಒಂಚೂರು ಜಾಸ್ತಿ ಯಾಕೆಂದು ಗುಮಾಸ್ತರಿಗೆ ಗೊತ್ತಿತ್ತು. ಕರವಸ್ತ್ರ, ಗುಂಡಿ, ಟ್ರ್ಯಾಕ್ಟರಿನ ಹುಲ್ಲು.

“ಜೀವಮಾನದಲ್ಲಿ ಮೊದಲನೇ ಸಲ ಕಣ್ರೀ, ನನ್ನ ಹೆಸರು ಮೈಕಲ್ಲಿ ಕೂಗಿದ್ದು” ಎಂದು ಓನರಮ್ಮ ಟಗರಿನ ಬೆನ್ನು ತಟ್ಟಿದರು. “ಜನ ಎಲ್ಲಾ ಚಪ್ಪಾಳೆ ತಟ್ಟಿದರು. ಇದನ್ನ ನಾನು ಯಾರಿಗೂ ಕೊಡಲ್ಲ.”

ಆ ಚಪ್ಪಾಳೆಯ ರುಚಿ ಎಂಥದೆಂದು ಗುಮಾಸ್ತರಿಗೂ ಗೊತ್ತಿತ್ತು. “ಆದರೆ ಅಮ್ಮ, ಗೇಟಿನೊಳಗೆ ಪ್ರಾಣಿ ಬರಬಾರದು ಅಂತ...”

“ಅದು ಬಾಡಿಗೆದಾರರಿಗೆ. ನಾನೇನು ಬಾಡಿಗೆದಾರಳಾ? ಮೊದಲು ಈ ಗಂಟು ಬಿಚ್ಚಿ ಯಾರಾದರೂ. ಆ ಊರಿನ ಒಬ್ಬ ಕುರಿಗಾರ ಕಟ್ಟಿಬಿಟ್ಟ. ಈ ದರ್ಜಿ ಕತ್ತರಿಯಲ್ಲಿ ಕತ್ತರಿಸ್ತೀನಿ ಅಂತಾನೆ. ಬಹುಮಾನದ ಹಗ್ಗ ಕತ್ತರಿಸಬಹುದೇನ್ರೀ?”

ಗುಮಾಸ್ತರ ಹೆಂಡತಿ ಗಂಡನ ತೋಳು ಬಿಟ್ಟು ಮುಂದೆ ಬಂದಳು. ಎರಡು ಬೆರಳಿನಿಂದ ಗಂಟಿನ ಯಾವುದೋ ಎಳೆಯನ್ನು ಹಿಂದಕ್ಕೆ ತಳ್ಳಿದಳು. ಹಗ್ಗ ತಾನಾಗಿ ಕಳಚಿ ಬಿತ್ತು. ಆಮೇಲೆ ಟಗರಿನ ಕೊಂಬಿನ ನಡುವೆ ಅಂಗೈಯಿಟ್ಟು ಬಾಯಲ್ಲಿ ಏನೋ ಸದ್ದು ಮಾಡಿದಳು. ಟಗರು ಬಟ್ಟೆಯನ್ನು ಉಗುಳಿ, ತಲೆ ತಗ್ಗಿಸಿ, ಅವಳ ಮಂಡಿಗೆ ಒರಗಿ ನಿಂತಿತು.

“ಅರೆ!” ಓನರಮ್ಮ ಬಾಯಿ ಬಿಟ್ಟರು. “ನಿಮಗೆ ಕುರಿ ಗೊತ್ತಾ? ಬದುಕಿದೆ! ಇದನ್ನ ಹೇಗೆ ಸಾಕೋದು ಅಂತ ದಾರಿಯುದ್ದಕ್ಕೂ ಅದೇ ಯೋಚನೆ. ಅಂಗಳದಲ್ಲಿ ಕಟ್ಟಿದರೆ ಒಣಗೋ ಬಟ್ಟೆ ಒಂದೂ ಉಳಿಯಲ್ಲ. ಬರೋವಾಗ ವ್ಯಾನಲ್ಲೇ ದರ್ಜಿಯ ಗಿರಾಕಿ ಅಂಗಿ ಅರ್ಧ ಮುಗಿಸಿತು.”

ದರ್ಜಿ ವ್ಯಾನಿಗೆ ಒರಗಿಕೊಂಡು ಉಳಿದರ್ಧ ಅಂಗಿಯನ್ನು ನೋಡುತ್ತಿದ್ದ.

ಓನರಮ್ಮ ಚೀಲದಿಂದ ಬೀಗದ ಕೈ ತೆಗೆದರು. ಕೆಳಗಿನ ಕೋಣೆಯದು, ಗಡಿಯಾರದ ಮುದುಕರು ಕಟ್ಟಿದ್ದ ಹಿತ್ತಾಳೆಯ ಚಕ್ರ ಇನ್ನೂ ಅದಕ್ಕೆ ತೂಗುತ್ತಿತ್ತು. ಅದನ್ನು ಗುಮಾಸ್ತರ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ತಾವೇ ಮಡಚಿದರು.

“ನಿಜ ಹೇಳ್ತೀನಿ ಗುಮಾಸ್ತರೇ. ಬೆಳಿಗ್ಗೆ ನಿಮ್ಮ ಮನೆಯವರು ಹಾಲಿಗೆ ಅಂತ ಇಳಿದು, ಮೇಲೆ ಹತ್ತೋಕಾಗದೆ ನನ್ನ ಬಾಗಿಲಲ್ಲೇ ಕೂತರು. ನೋಡಿ ಕರುಳು ಚುರುಕ್ ಅಂತು. ಹಳೇ ಕೋಪ ಎಲ್ಲ ಬಿಟ್ಟು, ಈ ಕೋಣೆ ನಿಮಗೇ ಅಂತ ಆಗಲೇ ತೀರ್ಮಾನ ಮಾಡಿದ್ದೆ. ಆದರೇನು ಮಾಡೋದು, ಇದು ಬಂತು. ಇದನ್ನ ಮೂರನೇ ಮಹಡಿಗೆ ಹತ್ತಿಸೋಕಾಗುತ್ತಾ ಹೇಳಿ? ಪಾಪ, ಮೂಕಪ್ರಾಣಿ. ಬೀಗದ ಕೈ ನಿಮ್ಮ ಹತ್ರಾನೇ ಇರಲಿ. ಬೆಳಿಗ್ಗೆ ಸಂಜೆ ಬಾಗಿಲು ತೆಗೆದು ಹುಲ್ಲು ಹಾಕಿ. ನೋಡಿ, ನಿಮ್ಮನ್ನ ಹೇಗೆ ಮೂಸ್ತಿದೆ! ಮೊದಲಿಂದ ಪರಿಚಯ ಇರೋ ಹಾಗೆ!”

“ಎಲ್ಲಾ ಟಗರೂ ಹೀಗೇ ಅಮ್ಮ” ಎಂದರು ಗುಮಾಸ್ತರು.

ಓನರಮ್ಮ ಒಳಗೆ ಹೋದರು. ದರ್ಜಿ ವ್ಯಾನಿನಲ್ಲಿ ಕೂತೇ ಇದ್ದ. ಗುಮಾಸ್ತರು ಕೋಣೆಯ ಬಾಗಿಲು ತೆಗೆದರು. ಟಗರು ಆ ಒಂದೇ ಮೆಟ್ಟಿಲನ್ನು ಸಲೀಸಾಗಿ ಹತ್ತಿ, ಒಳಗೆಲ್ಲ ಒಂದು ಸುತ್ತು ಬಂದು, ಬೀದಿಗೆ ತೆರೆದ ಕಿಟಕಿಯ ಹತ್ತಿರ ಹೋಗಿ ನಿಂತು, ಹೋಗುವ ಬರುವವರನ್ನು ನೋಡತೊಡಗಿತು.

ಗಂಡ ಹೆಂಡತಿ ಹೊಸಿಲ ಮೇಲೆ ಕೂತರು. ಆಮೇಲೆ ಅವಳು ಗುಮಾಸ್ತರ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಮಣಿಕಟ್ಟಿನ ಗಂಟನ್ನು ಎರಡು ಬೆರಳಿನಿಂದ ಬಿಚ್ಚಿದಳು.

“ಬಕೀಟು ಕಟ್ಟಿದ್ರಾ ಇದರಲ್ಲಿ?” ಎಂದಳು.

ಗುಮಾಸ್ತರು ತಲೆ ತಗ್ಗಿಸಿದರು. “ಮನೆಗೆ ತಂದ್ರೆ ಕೋಣೆ ಹೋಗುತ್ತೆ ಅಂತ... ನಿನ್ನ ಮಂಡಿ...”

ಅವಳು ಅವರ ಮಾತನ್ನು ಮುಗಿಸಗೊಡಲಿಲ್ಲ. ಕಂಬಿ ಹಿಡಿದು ಎದ್ದು, ಮುಂದಿದ್ದ ಮೂರು ಮಹಡಿಯನ್ನು ಒಮ್ಮೆ ನೋಡಿ, ಒಳಗೆ ಹಾಯಾಗಿ ನಿಂತಿದ್ದ ಟಗರನ್ನೂ ಒಮ್ಮೆ ನೋಡಿದಳು.

“ಇರಲಿ ಬಿಡಿ” ಎಂದಳು. “ನನಗೆ ನೋಯೋದು ಎರಡೇ ಮಂಡಿ. ಅದಕ್ಕೆ ನಾಲ್ಕಿದೆ.”